ಇಡೀ ಗಂಟೆ ಬೇಡ, ಚೂರುಪಾರು ಸಮಯ ಸಾಕು

‘ನಾಳೆಯಿಂದ ಐದೂವರೆಗೆ ಎದ್ದು ಒಂದು ಗಂಟೆ ವ್ಯಾಯಾಮ.’ ರಾತ್ರಿ ಮಲಗುವಾಗ ಎಲ್ಲರೂ ಶೂರರೇ. ಬೆಳಗ್ಗೆ ಅಲಾರಂ ಹೊಡೆದರೆ ಕೈ ತಾನಾಗಿಯೇ ಹೋಗಿ ಅದರ ಬಾಯಿ ಮುಚ್ಚಿಸುತ್ತದೆ. ನಾನೂ ಒಮ್ಮೆ ಜಿಮ್‌ಗೆ ಇಡೀ ವರ್ಷದ ದುಡ್ಡು ಕಟ್ಟಿ ಒಂಬತ್ತೇ ದಿನ ಹೋಗಿದ್ದೆ. ಕೆಲಸ, ಮನೆ, ಓಡಾಟದ ನಡುವೆ ಒಂದು ಗಂಟೆ ಇಡಿಯಾಗಿ ಸಿಗುವುದೇ ಕಷ್ಟ. ಚೂರುಚೂರಾಗಿ ಬೇಕಾದಷ್ಟು ಸಿಗುತ್ತದೆ.

ಲೆಕ್ಕ ನೋಡಿ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 22 ನಿಮಿಷವೂ ಆಗುವುದಿಲ್ಲ, ಅಲ್ವಾ? ಒಂದು ಸಲಕ್ಕೆ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಷರತ್ತು ಮೊದಲು ಇತ್ತು. 2020ರಲ್ಲಿ ಅದನ್ನೂ ಕೈಬಿಟ್ಟರು. ನಾಲ್ಕು ನಿಮಿಷ ಮೆಟ್ಟಿಲು ಹತ್ತಿದ್ದೂ ಈಗ ಜಮಾ. ಇನ್ನು ದಿನಕ್ಕೆ 10,000 ಹೆಜ್ಜೆ ಅಂತಾರಲ್ಲ, ಅದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹುಟ್ಟಿದ್ದು. ಅಷ್ಟಾಗಲಿಲ್ಲ ಎಂದು ಕೊರಗಬೇಡಿ.

ಮೊದಲು ಎರಡು ದಿನ ಏನೂ ಬದಲಿಸದೆ, ಸಮಯ ಎಲ್ಲಿ ಹೋಗುತ್ತಿದೆ ಎಂದು ಸುಮ್ನೆ ಬರೆದಿಡಿ. ಫೋನಿನಲ್ಲಿ ಮಾತಾಡುವಾಗ, ಯಾರಿಗೋ ಕಾಯುವಾಗ, ಊಟವಾದ ಮೇಲೆ ಕೂತಲ್ಲೇ ಕೂತಾಗ ಕಳೆದ ನಿಮಿಷಗಳು ಕಣ್ಣಿಗೆ ಬೀಳುತ್ತವೆ.

ಆಮೇಲೆ ವ್ಯಾಯಾಮವನ್ನು ಹೇಗೂ ಮಾಡುವ ಕೆಲಸವೊಂದಕ್ಕೆ ಗಂಟು ಹಾಕಿ. ಫೋನ್ ಬಂತೇ, ಎದ್ದು ನಡೆಯಿರಿ. ಊಟವಾಯಿತೇ, ಹತ್ತು ನಿಮಿಷ ಅಡ್ಡಾಡಿ. ನಡೆಯುವಾಗ ಸ್ನಾಯುಗಳು ರಕ್ತದಲ್ಲಿನ ಸಕ್ಕರೆ ಬಳಸಿಕೊಳ್ಳುವುದರಿಂದ ಊಟದ ನಂತರ ಅದು ಜಾಸ್ತಿ ಏರುವುದಿಲ್ಲ. ವೇಗ ಎಷ್ಟಿರಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ.

ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೂ ಕೆಲಸ ಬೇಕು. ನಾನು ಒಲೆಯ ಮೇಲೆ ನೀರಿಟ್ಟು ಅದು ಕುದಿಯುವವರೆಗೆ ಬಸ್ಕಿ ಹೊಡೆಯುತ್ತೇನೆ. ಹಿಂದೆ ಒಂದು ಕುರ್ಚಿ ಇಟ್ಟುಕೊಳ್ಳಿ. ಕೂರಲು ಹೊರಟವರಂತೆ ಸೊಂಟವನ್ನು ಹಿಂದಕ್ಕೆ ತಳ್ಳಿ, ಮೂರು ಎಣಿಸುತ್ತ ನಿಧಾನ ಇಳಿಯಿರಿ. ಕುರ್ಚಿ ತಾಗುತ್ತಿದ್ದಂತೆ ಕೈ ಊರದೆ ಏಳಿ. ಹತ್ತು ಸಲ. ನಂತರ ಗೋಡೆಗೆ ಅಂಗೈ ಊರಿ, ಮೊಣಕೈ ಮಡಿಸಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ದೂಡಿ. ಅದೂ ಹತ್ತು. ಮಂಡಿನೋವು, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

ಊಟದ ವಿಷಯದಲ್ಲಿ ಮಾತ್ರ ನಿಮ್ಮಿಂದ ಒಂದು ಗಂಟೆ ಕೇಳುತ್ತೇನೆ, ಅದೂ ವಾರಕ್ಕೊಮ್ಮೆ. ಹಿಂದಿನ ರಾತ್ರಿ ಕಾಳು ನೆನೆಹಾಕಿ. ರಜೆಯ ದಿನ ಬೇಯಿಸಿ, ಬಿಸಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮೂರು ದಿನಕ್ಕೆ ಬೇಕಾದಷ್ಟನ್ನು ಫ್ರಿಜ್‌ನಲ್ಲೇ ಇಟ್ಟು ಉಳಿದದ್ದನ್ನು ಫ್ರೀಜರ್‌ನಲ್ಲಿಡಿ. ಕಾಳು ಬೇಯುವಷ್ಟರಲ್ಲಿ ಕ್ಯಾರೆಟ್, ಬೀನ್ಸ್ ತೊಳೆದು, ಚೆನ್ನಾಗಿ ಒರೆಸಿ, ಹೆಚ್ಚಿ ಡಬ್ಬಿಗೆ ತುಂಬಿ. ನೀರಿನ ಪಸೆ ಉಳಿದರೆ ಬೇಗ ಕೊಳೆಯುತ್ತವೆ. ಸೊಪ್ಪನ್ನು ಮಾತ್ರ ಹೆಚ್ಚಿಡಬೇಡಿ, ಬಾಡಿಹೋಗುತ್ತದೆ.

ತಟ್ಟೆ ಹಾಕಿಕೊಳ್ಳುವಾಗ ಅರ್ಧ ಭಾಗ ತರಕಾರಿ, ಹಣ್ಣು. ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಧಾನ್ಯ. ದಿನಕ್ಕೆ 400 ಗ್ರಾಂ ಹಣ್ಣು–ತರಕಾರಿ ಬೇಕು ಎಂಬ ಸಲಹೆಯನ್ನು ಮುಟ್ಟಲು ತೂಕದ ಯಂತ್ರ ಬೇಕಿಲ್ಲ, ಈ ಅರ್ಧ ತಟ್ಟೆಯ ಅಳತೆ ಹೆಚ್ಚುಕಡಿಮೆ ಅಲ್ಲಿಗೇ ತಲುಪಿಸುತ್ತದೆ.

ನಾವು ಎಡವುವುದು ಸಂಜೆ ಹಸಿದು ಮನೆಗೆ ಬಂದಾಗ. ಆ ಹೊತ್ತಿಗೆ ಕಣ್ಣಿಗೆ ಬಿದ್ದದ್ದೇ ಬಾಯಿಗೆ. ಹಾಗಾಗಿ ತೊಳೆದ ಹಣ್ಣು ಮೇಜಿನ ಮೇಲಿರಲಿ. ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿ ಈಗ ಅಟ್ಟದ ಮೇಲಿದೆ. ತಿನ್ನಲೇಬೇಕು ಅನ್ನಿಸಿದರೆ ಸ್ಟೂಲ್ ತಂದು ಹತ್ತಬೇಕು. ವಾರಕ್ಕೊಮ್ಮೆ ಹತ್ತುತ್ತೇನೆ ಕೂಡ.