ಕಾಳಿ ನದಿಯ ರಾಫ್ಟಿಂಗ್‌ಗೆ ಹುಬ್ಬಳ್ಳಿಯಲ್ಲೇ ಮಾಡಿಕೊಂಡ ತಯಾರಿ: ನನ್ನ ಅನುಭವ

"ಗೈಡ್ ಇರ್ತಾನಲ್ರೀ, ಎಲ್ಲಾ ಅವ್ನ ನೋಡ್ಕೋತಾನ. ಲಾರಿ ಟ್ಯೂಬ್ ಮ್ಯಾಲೆ ಕುಂಡ್ರಿಸಿ ನೀವೇನ್ ಕಲಸ್ತೀರಿ?" ಹೊರಡುವ ಮುಂಚೆ ಊರಲ್ಲೇ ನಮ್ಮ ತಂಡವನ್ನು ಲಾರಿ ಟ್ಯೂಬಿನ ಮೇಲೆ ಕೂರಿಸಿ ಹುಟ್ಟು ಹಾಕುವುದನ್ನು ಕಲಿಸಿದ್ದಕ್ಕೆ ಹೀಗೆ ಕೇಳಿದವರು ನನ್ನ ಹಾಗೆ ತಂಡ ಕಟ್ಟಿಕೊಂಡು ದಾಂಡೇಲಿಗೆ ಹೋಗುವವರೇ. ಈ ಸೀಜನ್‌ನಲ್ಲಿ ಗಣೇಶಗುಡಿ ಕೆಳಗಿನ, ಬಂಡೆಗಳ ನಡುವೆ ನೀರು ನುಗ್ಗುವ ರ‍್ಯಾಪಿಡ್‌ಗಳಲ್ಲಿ ನಮ್ಮ ಎರಡು ರಾಫ್ಟಿನವರಲ್ಲಿ (ಗಾಳಿ ತುಂಬಿದ ರಬ್ಬರ್ ದೋಣಿ) ನೀರಿಗೆ ಬಿದ್ದ ಒಬ್ಬಳನ್ನು ಬಿಟ್ಟರೆ ಯಾರೂ ಪ್ಯಾಡಲ್ (ಹುಟ್ಟು) ಕೈಬಿಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರಂತೆ ನಾವೂ ಜಿಮ್ ನಂಬಿದ್ದೆವು. ತಲೆಗೆ ತಿಂಗಳಿಗೆ 1000 ರೂಪಾಯಿ ಆಜುಬಾಜು. ಜೊತೆಗೆ ದಿನಾ ಬೆಳಿಗ್ಗೆ ನೃಪತುಂಗ ಬೆಟ್ಟ. ತೋಳು ಗಟ್ಟಿಯಾದವು, ದಮ್ಮೂ ಬಂತು. ಹೊಳೆಗೆ ಇಳಿದ ಮೇಲೆ ಮೊದಲ ದೊಡ್ಡ ತೆರೆಗೇ ಅರ್ಧ ಮಂದಿ ಪ್ಯಾಡಲ್ ಮಡಿಲಲ್ಲಿಟ್ಟು ಹಗ್ಗ ಹಿಡಿದುಕೊಂಡರು. ಹುಟ್ಟು ನಿಂತರೆ ವೇಗ ಸಾಯುತ್ತದೆ, ವೇಗ ಸತ್ತ ರಾಫ್ಟನ್ನು ತೆರೆ ಅಡ್ಡ ತಿರುಗಿಸುತ್ತದೆ. ರಾಫ್ಟಿಂಗ್‌ಗೆ ತಲೆಗೆ 1500ರ ಹಾಗೆ ಕೊಟ್ಟ ದುಡ್ಡು, ಟೆಂಪೋ ಟ್ರಾವೆಲರ್ ಬಾಡಿಗೆ, ಎಲ್ಲ ಹೆದರಿಕೆಯಲ್ಲೇ ತೀರಿತು. ಅಲ್ಲಿ ಸೋತದ್ದು ತೋಳಲ್ಲ, ಕಾಲು. ರಾಫ್ಟಿನೊಳಗೆ ಮುಂದೆ ಇರುವ ಅಡ್ಡ ಟ್ಯೂಬಿನ ಕೆಳಗೆ ಪಾದ ಸಿಕ್ಕಿಸಿ ಅಂಚಿನ ಮೇಲೆ ಕೂತು ಹೊರಗೆ ಬಾಗುವ ಧೈರ್ಯ ಯಾರಿಗೂ ಇರಲಿಲ್ಲ.

ಹಾಗೆ ಕೂರುವುದನ್ನೇ ಮೊದಲು ಕಲಿಸಬೇಕು ಅನಿಸಿತು. ಗಬ್ಬೂರ ಕ್ರಾಸ್ ಕಡೆಯ ಪಂಕ್ಚರ್ ಅಂಗಡಿಯಲ್ಲಿ ಹಳೆ ಲಾರಿ ಟ್ಯೂಬ್ ಒಂದಕ್ಕೆ 300 ರೂಪಾಯಿಗೆ ಸಿಕ್ಕವು. ಒಂಟಿ ಟ್ಯೂಬ್ ನಿಲ್ಲಲಿಲ್ಲ, ಮಗುಚಿತು. ಎರಡೆರಡು ಜೋಡಿಸಿ ಕಟ್ಟಿ, ಪಾದ ಸಿಕ್ಕಿಸಲು ಮುಂದೆ ಮರಳು ತುಂಬಿದ ಗೊಬ್ಬರದ ಚೀಲ ಇಟ್ಟೆ. ಪ್ಯಾಡಲ್‌ಗೆ ಪಿವಿಸಿ ಪೈಪು, ತುದಿಗೆ ಹಿಡಿಯಾಗಿ T ಆಕಾರದ ಟೀ ಜಾಯಿಂಟ್. ಬರೀ ಪೈಪು ಬಾಗುತ್ತದೆ, ಒಳಗೆ ಬಿದಿರು ತೂರಿಸಬೇಕು. ಒಂದಕ್ಕೆ 150ರೊಳಗೆ ಮುಗಿಯಿತು. ಆ ಟೀ ಹಿಡಿಯ ಮೇಲಿಂದ ಕೈ ತೆಗೆದವರಿಗೆ ಆಟ ಮತ್ತೆ ಮೊದಲಿಂದ, ಯಾಕೆಂದರೆ ತೆರೆಯಲ್ಲಿ ಪಕ್ಕದವರ ಹಲ್ಲು ಮುರಿಯುವುದು ಅದೇ. ಹುಟ್ಟು ಹಾಕುತ್ತಿರುವಾಗ ಹಿಂದಿನಿಂದ ಟ್ಯೂಬಿನ ಹಗ್ಗ ಜಗ್ಗುತ್ತಿದ್ದೆ. ಎಷ್ಟು ಗಾಳಿ ಬಿಡಬೇಕು, ಹಗ್ಗ ಎಲ್ಲಿ ಕಟ್ಟಬೇಕು ಅನ್ನುವುದು ನನ್ನಲ್ಲೇ ಇರಲಿ.

ಎರಡನೆಯದು ಬೀಳುವ ಅಭ್ಯಾಸ. ಈಜುಕೊಳದವರು ಮೊದಲು ಒಪ್ಪಲಿಲ್ಲ. ಬೆಳಗಿನ ಒಂದು ತಾಸಿಗೆ 2000 ಅಂದ ಮೇಲೆ ಒಪ್ಪಿದರು. ಹೆಲ್ಮೆಟ್ಟು, ಜಾಕೆಟ್ಟು ಸಹಿತ ಹಿಂದಕ್ಕೆ ಬೀಳುವುದು, ಅಂಗಾತ ತೇಲುವುದು, ಕಾಲ್ಬೆರಳು ನೀರಿನ ಮೇಲೆ ಕಾಣಬೇಕು. ಹೊಳೆಯಲ್ಲಾದರೆ ಕಾಲು ಹರಿವಿನ ದಿಕ್ಕಿಗೆ. ನಿಲ್ಲಲು ಹೋದರೆ ಕಲ್ಲಿನ ಸಂದಿಯಲ್ಲಿ ಪಾದ ಸಿಕ್ಕು, ಹಿಂದಿನ ನೀರು ಮೈಯನ್ನು ಒಳಗೆ ಒತ್ತುತ್ತದೆ. ಎಸೆದ ಹಗ್ಗವನ್ನು ಎದೆಗೆ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಲೇಬಾರದು. ಈಜು ಬಾರದ ನಮ್ಮ ಚಿಗವ್ವ ಇದನ್ನೇ ಎಲ್ಲರಿಗಿಂತ ಚೆಂದ ಕಲಿತಳು. ಕಾಳಿಯಲ್ಲಿ ಬಿದ್ದವಳೂ ಅವಳೇ. ಬೆರಳು ಮೇಲೆ ಮಾಡಿ ತೇಲಿದಳು, ಹಗ್ಗ ಹಿಡಿದಳು, ಮತ್ತೆ ಹತ್ತಿ ಕೂತು "ನನ್ನ ಹುಟ್ಟು ಎಲ್ಲೈತೋ?" ಅಂದಳು. ಪಕ್ಕದವರು ಅದನ್ನು ಹಿಡಿದಿಟ್ಟಿದ್ದರು. ಗೈಡ್‌ಗೆ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಎಳೆಯುವ ಕೆಲಸವೂ ಬೀಳಲಿಲ್ಲ, ನಮ್ಮವರೇ ಎಳೆದುಕೊಂಡಿದ್ದರು.

ನಡುವೆ ಡ್ರಮ್ಮಿನ ನೀರಿಗೆ ಐಸ್ ಹಾಕಿ ಮುಖ ಮುಳುಗಿಸಿ ಉಸಿರು ಪಳಗಿಸಲು ನೋಡಿದೆ. ಕಾಳಿಗೆ ಅದು ಬೇಕಾಗಲಿಲ್ಲ, ಹಿಮದ ನೀರಿನ ಗಂಗೆಗೆ ಬೇಕಾದೀತು. ಬಟ್ಟೆಯದು ಮಾತ್ರ ಉಪಯೋಗಕ್ಕೆ ಬಂತು: ಒದ್ದೆ ಮಾಡಿ ಒಣಗಿಸಿ ನೋಡಿದಾಗ ಜೀನ್ಸ್ ಸಂಜೆವರೆಗೂ ಒಣಗಲಿಲ್ಲ. ದುರ್ಗದ ಬೈಲು ಪೇಟೆಯ 250 ರೂಪಾಯಿಯ ಕಬಡ್ಡಿ ಜರ್ಸಿ ತಾಸಿನೊಳಗೆ ಒಣಗಿತು. ಚಪ್ಪಲಿ ಬೇಡ, ಲೇಸ್ ಇರುವ ಹಳೆ ಬೂಟು ಸಾಕು. ಕನ್ನಡಕಕ್ಕೆ ದಾರ. ಧಾರವಾಡದಲ್ಲಿ ಗಿರ್ಮಿಟ್ಟು ಮಿರ್ಚಿಗೆ ಗಾಡಿ ನಿಲ್ಲಿಸಬೇಡಿ, ಹಳಿಯಾಳದ ತಿರುವುಗಳಿಗೇ ಹೊಟ್ಟೆ ತೊಳಸುತ್ತದೆ. ಅವಲಕ್ಕಿ, ಬಾಳೆಹಣ್ಣು ಸಾಕು.

ಹೊರಡುವ ಮುಂಚೆ ರಾಫ್ಟಿಂಗ್‌ನವರಿಗೆ ಫೋನ್ ಮಾಡಿ ಹೊಳೆಯಲ್ಲಿ ನೀರಿದೆಯಾ ಕೇಳಿ. ಗಣೇಶಗುಡಿ ಕೆಳಗೆ ಹರಿಯುವುದು ಸೂಪಾ ಅಣೆಕಟ್ಟಿನ ವಿದ್ಯುದಾಗಾರ ಬಿಟ್ಟ ನೀರು. ಯಂತ್ರ ಓಡಿದರೆ ಹೊಳೆ, ನಿಂತರೆ ಕಲ್ಲು.

ಟ್ಯೂಬು, ಪೈಪು, ಕೊಳ ಎಲ್ಲ ಸೇರಿ ತಲೆಗೆ 600 ದಾಟಲಿಲ್ಲ, ಜಿಮ್ಮಿಗಿಂತ ಕಡಿಮೆ. ಎಡಗಡೆ ಕೂತವರ ಹುಟ್ಟು ಇನ್ನೂ ಬಲಗಡೆಯವರಿಗಿಂತ ಅರ್ಧ ಎಣಿಕೆ ಹಿಂದೆ ಬೀಳುತ್ತಿದೆ. ಮುಂದಿನ ತಂಡಕ್ಕೆ ಎಡಗೈ ಬಳಕೆಯವರನ್ನು ಆ ಕಡೆ ಮುಂದೆ ಕೂರಿಸಿ ನೋಡುತ್ತೇನೆ.