ಹಲವು ನೋಡ್‌ಗಳ ಕ್ಯಾಶ್‌ನಲ್ಲಿ ದತ್ತಾಂಶ ಕೆಟ್ಟಾಗ ಕಾರಣ ಹುಡುಕುವ ಬಗೆ

ಹಲವು ನೋಡ್‌ಗಳಲ್ಲಿ (ಸರ್ವರ್‌ಗಳಲ್ಲಿ) ಹರಡಿರುವ ಕ್ಯಾಶ್‌ನಿಂದ, ಅಂದರೆ ಡೇಟಾಬೇಸಿಗೆ ಪದೇ ಪದೇ ಹೋಗದಂತೆ ದತ್ತಾಂಶವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗದಿಂದ, ಓದಿದ ಮೌಲ್ಯ ಕೆಟ್ಟಿದೆ ಎಂಬ ದೋಷ ಲಾಗ್‌ನಲ್ಲಿ ಕಾಣಿಸಿದೊಡನೆ ಇಡೀ ಕ್ಯಾಶನ್ನು ಖಾಲಿ ಮಾಡಲು ಮನಸ್ಸು ಆತುರಪಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಖಾಲಿ ಮಾಡಿದರೆ ಸಾಕ್ಷ್ಯ ಅಳಿಸಿಹೋಗುತ್ತದೆ, ಅದುವರೆಗೆ ಕ್ಯಾಶ್ ಹೊತ್ತಿದ್ದ ಭಾರವೆಲ್ಲ ಒಮ್ಮೆಲೇ ಡೇಟಾಬೇಸಿನ ಮೇಲೆ ಬೀಳುತ್ತದೆ, ಮೂಲ ಕಾರಣವಂತೂ ಹಾಗೆಯೇ ಉಳಿಯುತ್ತದೆ. ದೋಷ ತೋರಿದ ಕೆಲವು ಕೀಗಳ (ಮೌಲ್ಯಗಳನ್ನು ಗುರುತಿಸುವ ಹೆಸರುಗಳ) ಮೌಲ್ಯವನ್ನು ಯಾವ ಲೈಬ್ರರಿಯೂ ಬಿಡಿಸದ ಕಚ್ಚಾ ಬೈಟ್‌ಗಳಾಗಿಯೇ ಕಡತಕ್ಕೆ ಉಳಿಸಿ, ಕೀ ಯಾವ ನೋಡ್‌ನಲ್ಲಿತ್ತು, ಬರೆದ ಮತ್ತು ಓದಿದ ಅಪ್ಲಿಕೇಶನ್‌ಗಳ ಆವೃತ್ತಿ ಯಾವುದು ಎಂಬುದನ್ನು ಗುರುತು ಹಾಕಿಕೊಂಡು, ಆ ಕೀಗಳನ್ನು ಮಾತ್ರ ಅಳಿಸಿ.

ಈಗ ಮೊದಲ ಬೈಟ್‌ಗಳನ್ನು ನೋಡಿ. ಜಾವಾದ ಸ್ವಂತ ಸೀರಿಯಲೈಸೇಶನ್ (ಆಬ್ಜೆಕ್ಟನ್ನು ಬೈಟ್‌ಗಳಾಗಿಸುವ ವಿಧಾನ) ಹೆಕ್ಸ್ ಸಂಖ್ಯೆಗಳಲ್ಲಿ ‘ಎಸಿ ಇಡಿ 00 05’ ಎಂದು ಶುರುವಾಗುತ್ತದೆ. ಜಿಜಿಪ್‌ನಿಂದ ಸಂಕುಚಿಸಿದ ದತ್ತಾಂಶ ‘1ಎಫ್ 8ಬಿ’ ಎಂದು ಶುರುವಾಗುತ್ತದೆ. ಓದುವ ಪ್ರೋಗ್ರಾಂ ಮೊದಲಿನದನ್ನು ನಿರೀಕ್ಷಿಸುತ್ತಿರುವಾಗ ಎರಡನೆಯದು ಸಿಕ್ಕರೆ ಅಲ್ಲಿ ಏನೂ ಕೆಟ್ಟಿಲ್ಲ: ಹೊಸ ಆವೃತ್ತಿ ಸಂಕುಚಿಸಿ ಬರೆಯುತ್ತಿದೆ, ಹಳೆಯದಕ್ಕೆ ಅದನ್ನು ಓದಲು ಬರುವುದಿಲ್ಲ, ಅಷ್ಟೆ. ಯಂತ್ರವನ್ನು ಶಂಕಿಸುವ ಮೊದಲು ಇದನ್ನೇ ಶಂಕಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಎರಡೂ ರೂಪಗಳನ್ನು ಓದಬಲ್ಲ ಆವೃತ್ತಿಯನ್ನು ಎಲ್ಲ ಕಡೆ ನಿಯೋಜಿಸಿದ ಮೇಲೆಯೇ ಹೊಸ ರೂಪದಲ್ಲಿ ಬರೆಯಲು ಆರಂಭಿಸುವುದು, ಅಥವಾ ಕೀಯ ಹೆಸರಿನಲ್ಲೇ ರೂಪದ ಆವೃತ್ತಿ ಸಂಖ್ಯೆಯನ್ನು ಸೇರಿಸುವುದು ಇದಕ್ಕೆ ಪರಿಹಾರ.

ತಲೆ ಸರಿಯಿದ್ದು ಬಾಲ ತುಂಡಾಗಿದ್ದರೆ, ಸರ್ವರ್ ಹೇಳುವ ಉದ್ದವನ್ನು ಕ್ಲೈಂಟಿಗೆ ತಲುಪಿದ ಬೈಟ್‌ಗಳೊಂದಿಗೆ ಹೋಲಿಸಿ. ಸರ್ವರ್‌ನಲ್ಲೇ ಕಡಿಮೆಯಿದ್ದರೆ ತಪ್ಪು ಬರೆದ ಕಡೆಯದು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಮೌಲ್ಯ ಸರಿಯಾಗಿಯೇ ಇದ್ದು ಅದು ಬೇರೊಂದು ಕೀಗೆ ಸೇರಿದ್ದಾಗಿರುವ ಸ್ಥಿತಿ. ಇಂಥ ಕ್ಯಾಶ್‌ಗೆ ಬಳಸುವ ರೆಡಿಸ್ ಎಂಬ ತಂತ್ರಾಂಶದ ಸಾಮಾನ್ಯ ಉತ್ತರಗಳಲ್ಲಿ ಯಾವ ವಿನಂತಿಗೆ ಯಾವ ಉತ್ತರ ಎಂಬ ಗುರುತು ಇರುವುದಿಲ್ಲ. ಕಳಿಸಿದ ಕ್ರಮದಲ್ಲೇ ಉತ್ತರಗಳು ಬರುತ್ತವೆ. ವಿನಂತಿ ಕಳಿಸಿದ ಮೇಲೆ ಟೈಮ್‌ಔಟ್ ಆಗಿ, ಉತ್ತರ ಓದದೆಯೇ ಆ ಕನೆಕ್ಷನ್ ಪೂಲ್‌ಗೆ (ಮರುಬಳಕೆಗಾಗಿ ತೆರೆದಿಟ್ಟ ಕನೆಕ್ಷನ್‌ಗಳ ಗುಂಪಿಗೆ) ಮರಳಿದರೆ, ಅದನ್ನು ಮುಂದೆ ಪಡೆದವರು ಹಿಂದಿನವರ ಉತ್ತರವನ್ನು ತಮ್ಮದೆಂದು ಓದುತ್ತಾರೆ. ಒಬ್ಬ ಬಳಕೆದಾರನ ವಿವರ ಇನ್ನೊಬ್ಬನ ಪರದೆಯಲ್ಲಿ ತೆರೆದುಕೊಳ್ಳುವುದು ಹೀಗೆಯೇ. ಇಂಥ ಸುಳಿವು ಸಿಕ್ಕರೆ ಆ ದತ್ತಾಂಶವನ್ನು ಕ್ಯಾಶ್‌ನಿಂದ ಓದುವುದನ್ನು ತಕ್ಷಣ ನಿಲ್ಲಿಸಿ. ಟೈಮ್‌ಔಟ್ ಆದ ಅಥವಾ ರದ್ದಾದ ಕನೆಕ್ಷನ್ ಅನ್ನು ಮರುಬಳಸದೆ ಮುಚ್ಚಿಬಿಡಿ. ಮೌಲ್ಯದೊಳಗೆ ಕೀಯ ಹೆಸರನ್ನೂ ಬರೆದಿಟ್ಟು, ಓದುವಾಗ ಎರಡೂ ಹೊಂದುತ್ತವೆಯೇ ಎಂದು ಪರೀಕ್ಷಿಸಿದರೆ ಈ ದೋಷ ಅಡಗಿ ಕೂರಲಾರದು.

ಹಳೆಯ ಮೌಲ್ಯ ಬಂದರೆ ಅದನ್ನು ಕೆಟ್ಟದ್ದೆಂದು ಎಣಿಸಬೇಡಿ. ರೆಡಿಸ್‌ನ ಪ್ರತಿಗಳು (ಮುಖ್ಯ ನೋಡ್‌ನ ದತ್ತಾಂಶವನ್ನು ನಕಲಿಸಿಕೊಳ್ಳುವ ನೋಡ್‌ಗಳು) ಮುಖ್ಯ ನೋಡ್‌ಗಿಂತ ತುಸು ಹಿಂದಿರಬಹುದು. ಮುಖ್ಯ ನೋಡ್‌ನಿಂದಲೇ ಓದಿ ಹೋಲಿಸಿದರೆ ತಿಳಿಯುತ್ತದೆ.

ಇವೆಲ್ಲ ಮುಗಿದ ಮೇಲೆ ಯಂತ್ರದ ಸರದಿ. ರೆಡಿಸ್ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ರೆಡಿಸ್ ನೋಡ್‌ಗಳ ಗುಂಪು) ಕೀಗಳನ್ನು 16384 ಸ್ಲಾಟ್‌ಗಳಿಗೆ, ಸ್ಲಾಟ್‌ಗಳನ್ನು ನೋಡ್‌ಗಳಿಗೆ ಹಂಚುತ್ತದೆ. ಕೆಟ್ಟ ಕೀಗಳ ಸ್ಲಾಟ್‌ಗಳೆಲ್ಲ ಒಂದೇ ನೋಡ್‌ನಲ್ಲಿದ್ದರೆ ಅದನ್ನು ಸೇವೆಯಿಂದ ಹೊರತೆಗೆದು ಮೆಮೊರಿ ಪರೀಕ್ಷೆಗೆ ಒಡ್ಡಿ. ಜಾಲದಲ್ಲಿ ದತ್ತಾಂಶ ಸಾಗಿಸುವ ಟಿಸಿಪಿಯ ಚೆಕ್‌ಸಮ್ (ಹಾನಿಯನ್ನು ಪತ್ತೆಹಚ್ಚಲು ಸೇರಿಸುವ ಸಂಖ್ಯೆ) ಕೇವಲ 16 ಬಿಟ್‌ನದು. ಅದನ್ನೇ ನಂಬದೆ, ಬರೆಯುವ ಅಪ್ಲಿಕೇಶನ್ನೇ ಪ್ರತಿ ಮೌಲ್ಯಕ್ಕೂ ಚೆಕ್‌ಸಮ್ ಸೇರಿಸಿದರೆ ಹಾನಿ ದಾರಿಯಲ್ಲಾಯಿತೇ, ಬರೆಯುವ ಮೊದಲೇ ಆಗಿತ್ತೇ ಎಂಬುದು ಸ್ಪಷ್ಟವಾಗುತ್ತದೆ. ಡಿಸ್ಕಿನಲ್ಲಿರುವ ಎಒಎಫ್ ಕಡತವೇ (ರೆಡಿಸ್ ತನ್ನ ಬರಹಗಳನ್ನು ಒಂದರ ಹಿಂದೊಂದು ದಾಖಲಿಸುವ ಕಡತ) ಕೆಟ್ಟಿದ್ದರೆ, ದುರಸ್ತಿ ಸಾಧನವು ಕೆಟ್ಟ ಜಾಗದಿಂದ ಮುಂದಿನದ್ದೆಲ್ಲವನ್ನೂ ಕತ್ತರಿಸಿಹಾಕಬಹುದು. ಅದನ್ನು ಓಡಿಸುವ ಮುನ್ನ ಕಡತದ ಒಂದು ನಕಲನ್ನು ತೆಗೆದಿಡಿ.