ಲಕ್ವ ಹೊಡೆದ ಕೈಗೆ ಮೊದಲು ಬಿಡುವುದನ್ನು ಕಲಿಸಿ

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದ ಕೂಡಲೇ ಯಾರೋ ಒಬ್ಬರು ಸ್ಪಂಜಿನ ಚೆಂಡು ತಂದು ಕೊಡುತ್ತಾರೆ. ‘ಹಿಚುಕ್ತಾ ಇರಿ, ಶಕ್ತಿ ಬರುತ್ತೆ’ ಅನ್ನುತ್ತಾರೆ. ಬೆರಳು ಬಿಗಿಯದೆ, ಹಿಡಿತ ಮಾತ್ರ ಸೊರಗಿರುವವರಿಗೆ ಇದು ಸರಿ. ಆದರೆ ಎಷ್ಟೋ ಜನರಿಗೆ ಕೆಲವು ವಾರಗಳಲ್ಲೇ ಬೆರಳು ಮಡಿಸುವ ಸ್ನಾಯುಗಳು ಬಿಗಿಯುತ್ತವೆ, ಬಿಡಿಸುವ ಸ್ನಾಯುಗಳು ಸೊರಗಿಯೇ ಇರುತ್ತವೆ. ಲೋಟ ಹಿಡಿಯಬೇಕಾದರೆ ಮೊದಲು ಕೈ ಅಗಲವಾಗಬೇಕು, ಅಲ್ವಾ? ಅಂಥ ಕೈಗೆ ಬರೀ ಚೆಂಡು ಸಾಲದು.

ಮೊದಲು ಕೂರುವ ರೀತಿ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮೊಣಕೈಯನ್ನು ಮೇಜಿನ ಮೇಲೆ ಇಡಿಸಿ. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಲೇಬೇಡಿ. ಭುಜದ ಕೀಲು ಜಾರಿ, ಆ ನೋವಿನಿಂದ ವ್ಯಾಯಾಮವೇ ನಿಂತುಹೋಗುತ್ತದೆ.

ಈಗ ಮುಷ್ಟಿ ಬಿಡಿಸೋಣ. ಬೆರಳ ತುದಿ ಹಿಡಿದು ಜಗ್ಗಬೇಡಿ. ಮಣಿಕಟ್ಟನ್ನು ಕೆಳಕ್ಕೆ, ಅಂದರೆ ಅಂಗೈ ಕಡೆಗೆ ಬಗ್ಗಿಸಿ, ಬೆರಳು ತಾನಾಗಿ ಸಡಿಲವಾಗುತ್ತದೆ. ಹೆಬ್ಬೆರಳನ್ನು ಹೊರಗೆ ತನ್ನಿ, ಉಳಿದ ಬೆರಳು ಬಿಡಿಸಿ, ಆಮೇಲೆ ಮಣಿಕಟ್ಟನ್ನು ನಿಧಾನವಾಗಿ ಮೇಲೆತ್ತಿ. ಅರ್ಧ ನಿಮಿಷ ಹಾಗೇ ಹಿಡಿದಿರಿ. ನೋವಾದರೆ ಅಲ್ಲೇ ನಿಲ್ಲಿಸಿ.

ಹಿಡಿಯುವಾಗ ಇದರ ಉಲ್ಟಾ. ಮಣಿಕಟ್ಟು ಸ್ವಲ್ಪ ಮೇಲೆದ್ದಿರಬೇಕು. ಕೆಳಗೆ ಬಗ್ಗಿದ್ದರೆ ಹಿಡಿತಕ್ಕೆ ಬಲ ಬರುವುದಿಲ್ಲ. ನೀವೇ ಒಮ್ಮೆ ಮಣಿಕಟ್ಟು ಬಗ್ಗಿಸಿ ಮುಷ್ಟಿ ಕಟ್ಟಿ ನೋಡಿ, ಗೊತ್ತಾಗುತ್ತದೆ.

ಅಭ್ಯಾಸಕ್ಕೆ ನಮ್ಮ ದಾವಣಗೆರೆ ಮನೆಗಳಲ್ಲಿ ಬೇಕಾದಷ್ಟು ಸಾಮಾನಿದೆ. ಖಾಲಿ ಸ್ಟೀಲ್ ಲೋಟದಿಂದ ಶುರು ಮಾಡಿ: ಹಿಡಿ, ಎತ್ತು, ಇಡು, ಬೆರಳು ಪೂರ್ತಿ ಬಿಡು. ಆ ಕೊನೆಯದನ್ನು ಅವಸರ ಮಾಡದೆ ಮಾಡಿಸಿ. ಆಮೇಲೆ ಮೆಕ್ಕೆಜೋಳದ ತೆನೆ. ಹೆಬ್ಬೆರಳು, ತೋರುಬೆರಳು ಕೂಡುವಂತಾದ ಮೇಲೆ ಸಿಪ್ಪೆ ಶೇಂಗಾವನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಿಸಿ. ಕೊನೆಗೆ ಮಂಡಕ್ಕಿ. ಒಂದೊಂದೇ ಕಾಳನ್ನು ಪುಡಿಯಾಗದಂತೆ ಎತ್ತಬೇಕು. ಬಲ ಎಷ್ಟು ಹಾಕಬೇಕೆಂದು ಅಳೆಯುವುದನ್ನು ಕೈಗೆ ಕಲಿಸಲು ಇದು ಬಹಳ ಒಳ್ಳೆಯದು. ಒಂದು ಎಚ್ಚರಿಕೆ: ಲಕ್ವದಲ್ಲಿ ಕೆಲವರಿಗೆ ನುಂಗುವುದೂ ಕಷ್ಟವಾಗಿರುತ್ತದೆ. ವೈದ್ಯರು ಹೂಂ ಅನ್ನುವವರೆಗೆ ಶೇಂಗಾ, ಮಂಡಕ್ಕಿ ಬಟ್ಟಲಲ್ಲೇ ಇರಲಿ, ಬಾಯಿಗೆ ಬೇಡ.

ಬೆರಳು ಅಲುಗುವುದೇ ಇಲ್ಲವೇ? ಎದೆಯ ಮುಂದೆ, ಎರಡು ಕೈಗಳ ನಡುವೆ ಒಂದು ಕನ್ನಡಿಯನ್ನು ಅದರ ಮುಖ ಚೆನ್ನಾಗಿರುವ ಕೈ ಕಡೆಗಿರುವಂತೆ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಇಡಿ. ಚೆನ್ನಾಗಿರುವ ಕೈ ಆಡಿಸುತ್ತಾ ಕನ್ನಡಿಯನ್ನೇ ನೋಡಬೇಕು. ಸೋತ ಕೈಯೇ ಆಡಿದಂತೆ ಕಾಣುವುದರಿಂದ ಮಿದುಳಿಗೆ ಪ್ರಚೋದನೆ ಸಿಗುತ್ತದೆ.

ಒಂದೇ ಸಲ ದಣಿಸದೆ, ದಿನದಲ್ಲಿ ಹಲವು ಸಲ ಸ್ವಲ್ಪ ಸ್ವಲ್ಪ ಮಾಡಿಸಿ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಜಾಸ್ತಿ. ಹಾಗಂತ ವರ್ಷ ಕಳೆದವರು ಕೈಬಿಡಬೇಕಿಲ್ಲ, ಅಭ್ಯಾಸದಿಂದ ಆಮೇಲೂ ಸುಧಾರಿಸುತ್ತದೆ. ಸ್ಪರ್ಶ ಮಂಕಾಗಿದ್ದರೆ ಬಿಸಿ ಚಹಾ, ಸ್ನಾನದ ನೀರನ್ನು ಇನ್ನೊಂದು ಕೈಯಿಂದಲೇ ಮುಟ್ಟಿ ನೋಡಲಿ.

ಕೈ ಊದಿದರೆ, ಭುಜ ನೋಯುತ್ತಿದ್ದರೆ, ಅಥವಾ ಉಗುರು ಅಂಗೈಗೆ ಚುಚ್ಚುವಷ್ಟು ಮುಷ್ಟಿ ಬಿಗಿದರೆ ಮನೆಯಲ್ಲೇ ಸುಮ್ನೆ ತಿಕ್ಕುತ್ತಾ ಕೂರಬೇಡಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಫಿಸಿಯೋಥೆರಪಿಸ್ಟ್ ಬಳಿಗೋ ಕರೆದುಕೊಂಡು ಹೋಗಿ. ಬಿಗಿತ ಇಳಿಸಲು ಸ್ಪ್ಲಿಂಟ್ (ಕೈಯನ್ನು ಬಿಡಿಸಿದಂತೆ ಹಿಡಿದಿಡುವ ಪಟ್ಟಿ), ಮಾತ್ರೆ, ಬಿಗಿದ ಸ್ನಾಯುವಿಗೇ ಕೊಡುವ ಬೊಟುಲಿನಂ ಇಂಜೆಕ್ಷನ್ ಇವೆ. ಯಾವುದು ಬೇಕೆಂದು ಕೈ ನೋಡಿದವರೇ ಹೇಳಬೇಕು.